ಮಗಳಿಗೆ ಬ್ಲಡ್ ಕ್ಯಾನ್ಸರ್. ಪ್ರಾರ್ಥನೆಗೆ ಕೂತರೆ ಮಾತೇ ಬರುತ್ತಿಲ್ಲ

ಟಮಕದ ಅಪ್ಪ:

ಎಲ್ಲರಿಗೂ ವಂದನೆ. ನಾನು ಕೋಲಾರದವನು. ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಗಳಿಗೆ ಆರು ವರ್ಷ. ಜ್ವರ ಬಿಡುತ್ತಿರಲಿಲ್ಲ, ಕಾಲು ನೋವು ಅಂತ ರಾತ್ರಿಯೆಲ್ಲ ಅಳುತ್ತಿದ್ದಳು, ಮೈಮೇಲೆ ಸುಮ್ನೆ ನೀಲಿ ಕಲೆ ಬೀಳುತ್ತಿತ್ತು. ಟೆಸ್ಟ್ ಮಾಡಿಸಿದಾಗ ಎಎಲ್‌ಎಲ್ ಅಂದರು. ಮಕ್ಕಳಿಗೆ ಬರುವ ಬ್ಲಡ್ ಕ್ಯಾನ್ಸರ್. ಈಗ ಬೆಂಗಳೂರಿನಲ್ಲಿ ಕೀಮೋ ನಡೆಯುತ್ತಿದೆ. ಹೆಂಡತಿ ವಾರ್ಡಿನಲ್ಲಿ ಮಗುವಿನ ಜೊತೆ ಇದ್ದಾಳೆ. ದೊಡ್ಡ ಮಗ ಇಲ್ಲಿ ಅಜ್ಜಿಯ ಜೊತೆ. ನಾನು ಇಬ್ಬರ ನಡುವೆ ಬಸ್ಸಿನಲ್ಲಿ.

ನಮ್ಮದು ತಲೆಮಾರುಗಳಿಂದ ಮೆಥೋಡಿಸ್ಟ್ ಮನೆ. ಅಮ್ಮ ತೆಲುಗಿನಲ್ಲಿ ಗಂಟೆಗಟ್ಟಲೆ ಪ್ರಾರ್ಥನೆ ಮಾಡುತ್ತಾರೆ. ನನಗೆ ಆಗುತ್ತಿಲ್ಲ. ಮೊಣಕಾಲೂರಿ ‘ಕರ್ತನೇ’ ಅಂತ ಶುರು ಮಾಡುತ್ತೇನೆ, ಅಲ್ಲಿಗೇ ನಿಂತು ಹೋಗುತ್ತದೆ. ಆಮೇಲೆ ಬರುವುದು ಬರೀ ಸಿಟ್ಟು.

ಇನ್ನೊಂದು ವಿಷಯ. ವಾರ್ಡಿಗೆ ಪ್ರಾರ್ಥನೆ ಮಾಡುತ್ತೇವೆ ಅಂತ ಬಂದವರೊಬ್ಬರು, ನಮ್ಮ ಸಭೆಯವರಲ್ಲ, ಹೆಂಡತಿಗೆ ಹೇಳಿದರಂತೆ: ‘ಮನೆಯಲ್ಲಿ ಯಾವುದೋ ಪಾಪ ಅಡಗಿದೆ, ಅರಿಕೆ ಮಾಡಿಕೊಂಡರೆ ಮಗು ಬದುಕುತ್ತದೆ.’ ಅವತ್ತಿನಿಂದ ಅವಳು ಸ್ಕೂಲಿನ ದಿನಗಳಿಂದ ತನ್ನ ತಪ್ಪುಗಳನ್ನೆಲ್ಲ ಹುಡುಕುತ್ತಾ ಕೂತಿದ್ದಾಳೆ. ಊಟ ಬಿಟ್ಟಿದ್ದಾಳೆ. ಅವಳಿಗೆ ಏನು ಹೇಳಲಿ? ನಾನು ಹೇಗೆ ಪ್ರಾರ್ಥನೆ ಮಾಡಲಿ? ಗೊತ್ತಿದ್ದವರು ಹೇಳಿ.

ಚಿಂತಾಮಣಿ ಮೇಷ್ಟ್ರು:

ವಂದನೆ ಕಣಪ್ಪಾ. ಮೊದಲು ಆ ತಾಯಿಯ ವಿಷಯ, ನಿಮ್ಮ ಪ್ರಾರ್ಥನೆ ಆಮೇಲೆ ನೋಡೋಣ.

ಬೈಬಲಿನಲ್ಲಿ ಯೋಹಾನ 9ನೇ ಅಧ್ಯಾಯ ಅವಳ ಪಕ್ಕ ಕೂತು ಓದಿ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳುವುದು ಇದೇ ಪ್ರಶ್ನೆ: ಪಾಪ ಮಾಡಿದ್ದು ಇವನೋ, ಇವನ ಅಪ್ಪ-ಅಮ್ಮನೋ? ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ಇವನೂ ಅಲ್ಲ, ಇವನನ್ನು ಹೆತ್ತವರೂ ಅಲ್ಲ. ಇಷ್ಟು ನೇರವಾಗಿ ಉತ್ತರ ಕೊಟ್ಟ ಮೇಲೂ ಅದೇ ಪ್ರಶ್ನೆ ಹಿಡಿದುಕೊಂಡು ವಾರ್ಡು ವಾರ್ಡು ಸುತ್ತುವವರಿಗೆ ಏನು ಹೇಳಬೇಕು? ಅಂಥವರನ್ನು ಬಾಗಿಲಲ್ಲೇ ತಡೆದು ಕಳಿಸುವ ಹಕ್ಕು ನಿಮಗಿದೆ. ದೇವರ ಸೇವಕರನ್ನು ಹೇಗೆ ವಾಪಸ್ ಕಳಿಸುವುದು ಅಂತ ಅಂಜಬೇಡಿ.

ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಸ್ನೇಹಿತರನ್ನೂ ನೆನಪಿಸಿಕೊಳ್ಳಿ. ಬಂದವರೇ ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಂದು ಮಾತಿಲ್ಲ. ಅಲ್ಲಿಯವರೆಗೆ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟರು. ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಸ್ನೇಹಿತರ ಮೇಲೆ. ಅಷ್ಟೆಲ್ಲ ಗೋಳಾಡಿ, ಹುಟ್ಟಿದ ದಿನವನ್ನೇ ಶಪಿಸಿದ ಯೋಬನೇ ಸರಿಯಾಗಿ ಮಾತಾಡಿದ ಅನ್ನುತ್ತಾನೆ.

ಕೆಜಿಎಫ್ ಅಕ್ಕ:

ತಮ್ಮಾ, ನಾನು ಕ್ಯಾಥೊಲಿಕ್, ಚಾಂಪಿಯನ್ ರೀಫ್ಸ್ ಕಡೆಯವಳು. ನನ್ನ ಮಗನಿಗೂ ಇದೇ ಕಾಯಿಲೆ ಆಗಿತ್ತು. ಈಗ ಪಿಯುಸಿ ಓದುತ್ತಿದ್ದಾನೆ, ದಿನಾ ನನ್ನ ಜೊತೆ ಜಗಳ ಆಡುತ್ತಾನೆ, ಆರೋಗ್ಯವಾಗಿದ್ದಾನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ನನಗೆ ಇಂಥ ಒಂದು ಮಾತು ಕೇಳಬೇಕಿತ್ತು, ಯಾರೂ ಹೇಳಲಿಲ್ಲ.

ಸಿಟ್ಟು ಬರುತ್ತದೆ ಅಂದಿರಲ್ಲ, ಆ ಸಿಟ್ಟನ್ನೇ ಹೇಳಿ. ಕೀರ್ತನೆ 13 ತೆಗೆಯಿರಿ. ಎಷ್ಟು ಕಾಲ, ಎಷ್ಟು ಕಾಲ ಅಂತ ಅದನ್ನು ಬರೆದವನು ದೇವರನ್ನು ಒಂದರ ಹಿಂದೆ ಒಂದು ನಾಲ್ಕು ಸಲ ಕೇಳುತ್ತಾನೆ. ಇನ್ನೂ ಸಾಲದಿದ್ದರೆ 88. ಬೇರೆ ಗೋಳಿನ ಕೀರ್ತನೆಗಳಲ್ಲಿ ಕೊನೆಗಾದರೂ ಒಂದು ಸ್ತೋತ್ರದ ಮಾತು ಬರುತ್ತದೆ. 88ರಲ್ಲಿ ಅದೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಯಾರೋ ದೇವಾಲಯದಲ್ಲಿ ಹಾಡುತ್ತಿದ್ದರು ಅಲ್ವಾ? ಹಾಗಾದರೆ ನಿಮ್ಮ ಸಿಟ್ಟಿಗೂ ಅಲ್ಲಿ ಜಾಗ ಇದೆ.

ನನಗೆ ಮಾತು ಬರದಿದ್ದಾಗ ಕೈಯಲ್ಲಿ ಜಪಸರ ಇತ್ತು. ಮಣಿ ಎಣಿಸುತ್ತಾ ಹೋಗುತ್ತಿದ್ದೆ, ಮಾತು ಹೊಂದಿಸುವ ಕಷ್ಟ ಇರಲಿಲ್ಲ. ನಿಮ್ಮಲ್ಲಿ ಅದು ಇಲ್ಲ, ಗೊತ್ತು. ಆದರೆ ಪರಲೋಕದ ಪ್ರಾರ್ಥನೆ ಇದೆಯಲ್ಲ, ಅದನ್ನು ಒಂದೊಂದು ಸಾಲು ಹೇಳಿ. ಬಸ್ಸಿನಲ್ಲಿ ಹೊಸಕೋಟೆಯಿಂದ ಕೆ.ಆರ್. ಪುರದವರೆಗೆ ಒಂದೇ ಸಾಲು ಹೇಳಿದರೂ ಆಯಿತು.

ಮಾಲೂರು ತಮ್ಮ:

ಬ್ರದರ್, ಸ್ತೋತ್ರ! ಬೇರೆಯವರ ಹಾಗೆ ನಾನು ನೆಗೆಟಿವ್ ಮಾತು ಹೇಳಲ್ಲ. ಕರ್ತನ ಬಾಸುಂಡೆಗಳಿಂದ ನಮಗೆ ಗುಣ ಅಂತ ಯೆಶಾಯ 53ರಲ್ಲಿ ಇದೆ. ಆ ವಾಗ್ದಾನ ಹಿಡಿದುಕೊಂಡು ‘ಮಗು ಗುಣವಾಗಿದೆ’ ಅಂತ ಬಾಯಿಬಿಟ್ಟು ಹೇಳಿ. ಮೂರು ದಿನ ಉಪವಾಸ ಪ್ರಾರ್ಥನೆ ಇಡಿ. ಯಾಕೋಬ 5ರಲ್ಲಿ ಹೇಳಿದ ಹಾಗೆ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿಸಿ. ನಮ್ಮ ಕೂಟದಲ್ಲಿ ಒಂದು ಮಗುವಿಗೆ ಒಂದೇ ತಿಂಗಳಲ್ಲಿ ರಿಪೋರ್ಟ್ ಕ್ಲೀನ್ ಬಂತು. ಆಮೇಲೆ ಕೀಮೋ ಯಾಕೆ ಅಂತ ನಿಲ್ಲಿಸಿ ಸಾಕ್ಷಿ ಹೇಳಿದರು. ನಂಬಿಕೆ ಅಂದರೆ ಅದು.

ಬಂಗಾರಪೇಟೆ ನರ್ಸಮ್ಮ:

ಮಾಲೂರಿನವರೇ, ಆ ಮಗುವನ್ನು ಇವತ್ತೇ ವಾಪಸ್ ಆಸ್ಪತ್ರೆಗೆ ಕಳಿಸಿ. ತಮಾಷೆಗೆ ಹೇಳುತ್ತಿಲ್ಲ.

ಎಎಲ್‌ಎಲ್‌ನಲ್ಲಿ ಹೆಚ್ಚಿನ ಮಕ್ಕಳಿಗೆ ಮೊದಲ ತಿಂಗಳ ಕೀಮೋ ಮುಗಿದಾಗ ಮೂಳೆಮಜ್ಜೆಯ ಪರೀಕ್ಷೆ ಕ್ಲೀನ್ ಆಗಿಯೇ ಬರುತ್ತದೆ. ಮೊದಲ ಹಂತದ ಉದ್ದೇಶವೇ ಅದು. ಅದರರ್ಥ ಕಾಯಿಲೆ ಹೋಯಿತು ಅಂತಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣದಷ್ಟು ಜೀವಕೋಶ ಇನ್ನೂ ಉಳಿದಿರುತ್ತವೆ. ಅದಕ್ಕೇ ಒಟ್ಟು ಚಿಕಿತ್ಸೆ ಎರಡರಿಂದ ಮೂರು ವರ್ಷ. ಕೊನೆಯ ಹಂತದಲ್ಲಿ ಮಗು ಸ್ಕೂಲಿಗೆ ಹೋಗುತ್ತದೆ, ಕೂದಲು ಬರುತ್ತದೆ, ನೋಡಿದವರು ಕಾಯಿಲೆ ಇದೆ ಅನ್ನುವುದಿಲ್ಲ. ಆಗಲೂ ದಿನಾ ಮಾತ್ರೆ ನುಂಗಬೇಕು. ಮಧ್ಯದಲ್ಲಿ ಬಿಟ್ಟರೆ ಕಾಯಿಲೆ ಮರಳುತ್ತದೆ, ಮರಳಿದ ಮೇಲೆ ಗುಣ ಮಾಡುವುದು ಬಹಳ ಕಷ್ಟ. ಪೂರ್ತಿ ಮಾಡಿಸಿದರೆ ಹೆಚ್ಚಿನ ಮಕ್ಕಳು ಗುಣವಾಗುವ ಕಾಯಿಲೆ ಇದು. ಇಂಥ ಒಳ್ಳೆಯ ಸುದ್ದಿ ಇರುವಾಗ ಅದನ್ನು ಕೈಯಾರೆ ಹಾಳು ಮಾಡಿಕೊಳ್ಳುವುದು ನಂಬಿಕೆಯೇ?

ನಾನೂ ಪ್ರಾರ್ಥನೆ ಮಾಡುವವಳೇ. ಹಿಜ್ಕೀಯ ರಾಜ ಸಾಯುವಷ್ಟು ಕಾಯಿಲೆ ಬಿದ್ದಾಗ ಗೋಡೆಗೆ ಮುಖ ಮಾಡಿ ಅತ್ತು ಬೇಡಿಕೊಂಡ. ದೇವರು ಕೇಳಿದ, 15 ವರ್ಷ ಆಯಸ್ಸು ಕೊಟ್ಟ. ಆದರೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತಂದು ಹುಣ್ಣಿಗೆ ಕಟ್ಟಲು ಹೇಳಿದ. ಪ್ರಾರ್ಥನೆ ಮುಗಿಯಿತು, ಪಟ್ಟಿ ಬೇಡ ಅನ್ನಲಿಲ್ಲ. ಕೋಲಾರದಲ್ಲಿ ಮೆಥೋಡಿಸ್ಟ್ ಮಿಷನ್‌ನವರು, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್‌ನವರು ಚರ್ಚಿನ ಜೊತೆಗೆ ಆಸ್ಪತ್ರೆಯನ್ನೂ ಯಾಕೆ ಕಟ್ಟಿದರು ಅಂತ ಒಂದು ಸಲ ಯೋಚಿಸಿ.

ಟಮಕದ ಅಣ್ಣಾ, ನಿಮಗೆ ಕೆಲವು ಮಾತು. ಪ್ರಾರ್ಥನೆಗೆ ಬರುವವರು ಒಬ್ಬಿಬ್ಬರು ಸಾಕು. ಕೈ ಸೋಪು ಹಾಕಿ ತೊಳೆಯಲಿ, ಮಾಸ್ಕ್ ಹಾಕಲಿ. ನೆಗಡಿ, ಕೆಮ್ಮು ಇದ್ದವರು ಫೋನಿನಲ್ಲೇ ಪ್ರಾರ್ಥನೆ ಮಾಡಲಿ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುತ್ತದೆ, ದೊಡ್ಡವರ ಸಣ್ಣ ನೆಗಡಿ ಮಗುವಿಗೆ ಸಣ್ಣದಲ್ಲ. ಎಣ್ಣೆ ಹಚ್ಚಬೇಕು ಅಂದರೆ ಹಣೆಗೆ ಒಂದು ತೊಟ್ಟು. ಸೂಜಿ ಚುಚ್ಚಿದ ಕಡೆ, ಔಷಧ ಹೋಗುವ ಲೈನ್ ಹಾಕಿದ ಕಡೆ ಮುಟ್ಟಿಸಬೇಡಿ. ಪ್ರಾರ್ಥನೆ ಮಾಡಿದ ನೀರು ಅಂತ ತಂದದ್ದನ್ನು ಕುಡಿಸಬೇಡಿ. ಮನೆಗೆ ಬಂದಾಗ ಜ್ವರ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4 ಮುಟ್ಟಿತು ಅಂದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ದಾರಿಯಲ್ಲಿ ಪ್ರಾರ್ಥನೆ ಮಾಡಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಮಾಡಿಸಿರುತ್ತೀರಿ, ಆದರೂ ಹೇಳಿದೆ.

ಹೆಂಡತಿಗೆ ಊಟ ಮಾಡಿಸಿ. ಈಗ ಉಪವಾಸ ಇರಬೇಕಾದವಳು ಅವಳಲ್ಲ. ಉಪವಾಸ ಮನೆಯಲ್ಲಿ ಕೂತಿರುವ ನಾವು ಇರೋಣ.

ಮಾಲೂರು ತಮ್ಮ:

ಔಷಧದ ಮಾತು ನರ್ಸಮ್ಮ ಹೇಳಿದ ಹಾಗೇ ಆಗಲಿ. ಆ ಮನೆಯವರಿಗೆ ಫೋನ್ ಮಾಡಿದೆ, ನಾಳೆ ಹೋಗುತ್ತಾರಂತೆ. ಆದರೆ ಒಂದು ಮಾತು. ನೀವೆಲ್ಲ ಸೇರಿ ಈ ಅಣ್ಣನಿಗೆ ಅಳುವುದನ್ನೇ ಹೇಳಿಕೊಡುತ್ತಿದ್ದೀರಿ. ಬೇಡಿಕೊಳ್ಳಿ, ದೊರೆಯುವುದು ಅಂತ ಕರ್ತನೇ ಹೇಳಿದ್ದಾನಲ್ಲ? ಮಗು ಬದುಕಬೇಕು ಅಂತ ಗಟ್ಟಿಯಾಗಿ ಕೇಳುವುದರಲ್ಲಿ ಏನು ತಪ್ಪು?

ಶ್ರೀನಿವಾಸಪುರದ ತಾಯಿ:

ತಪ್ಪಿಲ್ಲಪ್ಪಾ. ನಾನೂ ಗಟ್ಟಿಯಾಗಿಯೇ ಕೇಳಿದೆ. ನನ್ನ ಮಗ ಉಳಿಯಲಿಲ್ಲ.

ಈ ಚರ್ಚೆಯಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಟಮಕದ ಅಪ್ಪ ಹೆದರುತ್ತಾರೇನೋ ಅಂತ. ನನ್ನ ಮಗನಿಗೆ ಇದ್ದದ್ದು ಬೇರೆ ಕಾಯಿಲೆ, ಮೆದುಳಿನದು. ನಿಮ್ಮ ಮಗಳಿಗೂ ಅವನಿಗೂ ಹೋಲಿಸಿಕೊಳ್ಳಬೇಡಿ. ಆದರೆ ಗುಣವಾಗದಿದ್ದರೆ ನಂಬಿಕೆ ಸಾಲಲಿಲ್ಲ ಅಂತ ಅರ್ಥವೇ ಅನ್ನುವ ಪ್ರಶ್ನೆ ಇಲ್ಲಿ ಎಲ್ಲರ ಮನಸ್ಸಿನಲ್ಲೂ ಇದೆ. ಅದಕ್ಕೆ ನಾನೇ ಉತ್ತರ ಹೇಳಬೇಕು.

ದಾವೀದ ರಾಜ ಕಾಯಿಲೆ ಬಿದ್ದ ತನ್ನ ಮಗುವಿಗಾಗಿ ಏಳು ದಿನ ನೆಲದ ಮೇಲೆ ಬಿದ್ದು ಬೇಡಿಕೊಂಡ, ಊಟ ಬಿಟ್ಟ. ಮಗು ಸತ್ತಿತು. ಪೌಲ ತನ್ನ ಶರೀರದ ಮುಳ್ಳು ತೆಗೆ ಅಂತ ಮೂರು ಸಲ ಕೇಳಿದ. ತೆಗೆಯಲಿಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಸಂಕಟ ತಪ್ಪಲಿ ಅಂತ ಯೇಸು ಕೇಳಿದ್ದೂ ಆಗಲಿಲ್ಲ. ಅವನಿಗಿಂತ ಜಾಸ್ತಿ ನಂಬಿಕೆ ನಮ್ಮಲ್ಲಿ ಯಾರಿಗಿದೆ? ದಾವೀದನ ಮಗುವಿನ ವಿಷಯದಲ್ಲಿ ಅಪ್ಪನ ಪಾಪದ ಮಾತು ಬರುತ್ತದಲ್ಲ ಅಂತ ನನಗೂ ಒಬ್ಬರು ಹೇಳಿದ್ದರು. ಅದನ್ನು ಅಲ್ಲಿ ಪ್ರವಾದಿ ನಾತಾನ ದೇವರ ಬಾಯಿಂದ ಕೇಳಿ ಹೇಳಿದ. ನಿಮಗೆ ಯಾವ ನಾತಾನ ಬಂದು ಹೇಳಿದ ಅಂತ ಕೇಳಿದೆ. ಎದ್ದು ಹೋದರು.

ಆಗ ನಮ್ಮ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿತ್ತು. ಹುಳು ಸಾಕಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ಸೊಪ್ಪು ತಪ್ಪಿದರೆ ಇಡೀ ಬೆಳೆ ಹೋಗುತ್ತದೆ. ನಾವಿಬ್ಬರೂ ಆಸ್ಪತ್ರೆಯಲ್ಲಿ. ಪಕ್ಕದ ಗೌಡರ ಮನೆಯವರೂ, ಆಚೆ ಬೀದಿಯ ಸಾಬರ ಮನೆಯ ಹುಡುಗರೂ ಸೇರಿ ಸೊಪ್ಪು ಕೊಯ್ದು ಹಾಕಿದರು, ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಟ್ಟರು, ಗೂಡು ಬಿಡಿಸಿ ಮಾರಿ ದುಡ್ಡು ತಂದುಕೊಟ್ಟರು. ನಮಗೆ ಹೇಳಿದ್ದೇ ಆಮೇಲೆ. ದೇವರು ಎಲ್ಲಿದ್ದ ಅಂತ ಯಾರಾದರೂ ಕೇಳಿದರೆ ನನಗೆ ದೊಡ್ಡ ಉತ್ತರ ಬರುವುದಿಲ್ಲ. ಹುಳುಮನೆಯಲ್ಲಿ ಇದ್ದ ಅನ್ನುತ್ತೇನೆ.

ಸಿಟ್ಟು ಪೂರ್ತಿ ಹೋಗಿಲ್ಲ. ಭಾನುವಾರ ಚರ್ಚಿಗೆ ಹೋಗುತ್ತೇನೆ. ಕೆಲವು ಹಾಡು ಬಂದಾಗ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ನಮ್ಮ ಅಯ್ಯನವರಿಗೆ ಗೊತ್ತು, ಏನೂ ಅನ್ನುವುದಿಲ್ಲ.

ಟಮಕದ ಅಪ್ಪ:

ಅಕ್ಕಾ, ಹೆದರಲಿಲ್ಲ. ಈ ಮಾತನ್ನು ಯಾರೂ ನನ್ನ ಹತ್ತಿರ ಆಡುತ್ತಿರಲಿಲ್ಲ. ಎಲ್ಲರೂ ‘ಏನೂ ಆಗಲ್ಲ, ಏನೂ ಆಗಲ್ಲ’ ಅನ್ನುತ್ತಾರೆ. ಆಗ ಭಯ ಇನ್ನೂ ಜಾಸ್ತಿಯಾಗುತ್ತದೆ.

ಮಗಳು ಮೊನ್ನೆ ಅವಳ ಅಮ್ಮನನ್ನು ಕೇಳಿದಳಂತೆ, ‘ನಾನು ಅಣ್ಣನ ಪೆನ್ಸಿಲ್ ಕದ್ದಿದ್ದಕ್ಕಾ ಯೇಸಪ್ಪ ಸೂಜಿ ಚುಚ್ಚಿಸುತ್ತಿರೋದು?’ ಅಂತ. ಏನು ಹೇಳಬೇಕು?

ಕೆಜಿಎಫ್ ಅಕ್ಕ:

ಅಯ್ಯೋ ಕಂದಾ. ಅಲ್ಲ ಅಂತ ಹೇಳಿ. ಸುತ್ತಿ ಬಳಸಿ ಬೇಡ. ‘ಅಲ್ಲ. ನೀನು ಏನೂ ಮಾಡಿಲ್ಲ. ರಕ್ತದಲ್ಲಿ ಕಾಯಿಲೆ ಬಂದಿದೆ, ಅದನ್ನು ಓಡಿಸುವುದಕ್ಕೆ ಸೂಜಿ. ಚುಚ್ಚಿದಾಗ ನೋವಾಗುತ್ತೆ, ಯೇಸಪ್ಪನಿಗೂ ಅದು ಗೊತ್ತು.’ ಪೆನ್ಸಿಲ್ ವಿಷಯ ಅಣ್ಣನ ಜೊತೆ ಫೋನಿನಲ್ಲಿ ಮಾತಾಡಿಸಿ ಮುಗಿಸಿಬಿಡಿ, ಮನಸ್ಸು ಹಗುರಾಗುತ್ತದೆ. ಮಕ್ಕಳು ಇಂಥದ್ದನ್ನು ಒಳಗೇ ಇಟ್ಟುಕೊಂಡು ಕೊರಗುತ್ತವೆ, ಕೇಳಿದ್ದೇ ಒಳ್ಳೆಯದಾಯಿತು.

ಇನ್ನೊಂದು, ‘ದೇವರಿಗೆ ಒಳ್ಳೆಯ ಮಕ್ಕಳು ಬೇಕು, ಅದಕ್ಕೇ ಕರೆಸಿಕೊಳ್ಳುತ್ತಾನೆ’ ಅನ್ನುವ ಮಾತು ಯಾರಾದರೂ ಆಡಿದರೆ ಅಲ್ಲೇ ನಿಲ್ಲಿಸಿ. ಪಕ್ಕದ ಬೆಡ್ಡಿನ ಮಗುವಿನ ಬಗ್ಗೆಯೂ ಹಾಗೆ ಹೇಳಬೇಡಿ. ಒಳ್ಳೆಯವಳಾದರೆ ಸಾಯುತ್ತೇನೆ ಅಂದುಕೊಳ್ಳುತ್ತದೆ ಮಗು.

ಚಿಂತಾಮಣಿ ಮೇಷ್ಟ್ರು:

ಮಾಲೂರಿನ ತಮ್ಮನ ಪ್ರಶ್ನೆ ನ್ಯಾಯವಾದದ್ದೇ. ಗಟ್ಟಿಯಾಗಿ ಕೇಳಬೇಕು. ಆದರೆ ಗಟ್ಟಿಯಾಗಿ ಕೇಳುವುದೂ, ಆಗಿಬಿಟ್ಟಿದೆ ಅಂತ ಹೇಳುವುದೂ ಒಂದೇ ಅಲ್ಲ.

ಶೂನೇಮಿನ ತಾಯಿಯನ್ನು ನೋಡಿ, ಎರಡನೇ ಅರಸುಗಳು 4. ಮಕ್ಕಳಿಲ್ಲದ ಅವಳಿಗೆ ಮಗ ಹುಟ್ಟುತ್ತಾನೆ ಅಂದಿದ್ದವನು ಪ್ರವಾದಿ ಎಲೀಷ. ಹುಡುಗ ಹೊಲದಲ್ಲಿ ‘ನನ್ನ ತಲೆ, ನನ್ನ ತಲೆ’ ಅಂದ, ಮಧ್ಯಾಹ್ನದ ಹೊತ್ತಿಗೆ ತಾಯಿಯ ತೊಡೆಯ ಮೇಲೆ ಸತ್ತ. ಅವಳು ಕತ್ತೆ ಹತ್ತಿ ಎಲೀಷನಿದ್ದ ಕರ್ಮೆಲ್ ಬೆಟ್ಟಕ್ಕೆ ಹೋದಳು. ದಾರಿಯಲ್ಲಿ ಅವನ ಸೇವಕ ಗೇಹಜಿ ಕ್ಷೇಮವೋ ಅಂತ ಕೇಳಿದರೆ ‘ಕ್ಷೇಮ’ ಅಂದು ಸಾಗಿದಳು. ಎಲ್ಲರ ಹತ್ತಿರ ಹೇಳಿಕೊಳ್ಳಬೇಕಾಗಿಲ್ಲ ನೋಡಿ. ಎಲೀಷನ ಹತ್ತಿರ ಬಂದು ಕಾಲು ಹಿಡಿದುಕೊಂಡಳು, ‘ನಾನೇನು ಮಗ ಬೇಕು ಅಂತ ಕೇಳಿದ್ದೆನಾ?’ ಅಂತ ಜಗಳಕ್ಕೇ ನಿಂತಳು. ಗೇಹಜಿ ತಳ್ಳಲು ಹೋದ. ಎಲೀಷ ಬಿಡಲಿಲ್ಲ, ಅವಳ ಪ್ರಾಣ ನೊಂದಿದೆ, ಯೆಹೋವನು ನನಗೆ ಇದನ್ನು ತಿಳಿಸಲಿಲ್ಲ ಅಂದ. ಪ್ರವಾದಿಯೇ ನನಗೆ ಗೊತ್ತಿಲ್ಲ ಅಂದುಬಿಟ್ಟ! ಕಾರಣ ಗೊತ್ತು ಅನ್ನುವವರು ಇದನ್ನು ಓದಲಿ.

ಯಾಯೀರನೂ ಹಾಗೇ. ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಯೇಸುವನ್ನು ಮನೆಗೆ ಕರೆತರುತ್ತಿದ್ದಾನೆ, ಯೇಸು ದಾರಿಯಲ್ಲಿ ಇನ್ನೊಬ್ಬ ಹೆಂಗಸಿಗಾಗಿ ನಿಂತುಬಿಡುತ್ತಾನೆ. ಆ ಹೊತ್ತಿನಲ್ಲಿ ಯಾಯೀರ ಏನಂದ? ಸುವಾರ್ತೆ ಬರೆದ ಮಾರ್ಕ ಒಂದು ಮಾತನ್ನೂ ಬರೆದಿಲ್ಲ. ಸುಮ್ನೆ ನಿಂತಿದ್ದ. ಟಮಕದವರೇ, ‘ಕರ್ತನೇ’ ಅಂದು ಮುಂದೆ ಮಾತು ಬರದೆ ನಿಲ್ಲುತ್ತೀರಲ್ಲ, ನಿಮಗಿಂತ ಮೊದಲು ನಿಂತವನು ಅವನು. ಸತ್ತಿದ್ದ ಮಗಳು ಎದ್ದ ಮೇಲೆ ಯೇಸು ಹೇಳಿದ ಮಾತು ನನಗೆ ಬಹಳ ಇಷ್ಟ: ಅವಳಿಗೆ ತಿನ್ನಲು ಏನಾದರೂ ಕೊಡಿ.

ನೀವು ಕೇಳಿದಿರಿ ಅಂತ ಒಂದು ಪ್ರಾರ್ಥನೆ ಬರೆದಿದ್ದೇನೆ. ಬೇಕಾದ್ದನ್ನು ಇಟ್ಟುಕೊಳ್ಳಿ.

‘ಕರ್ತನೇ, ನನ್ನ ಮಗಳು ನಿನ್ನ ಮುಂದೆ ಮಲಗಿದ್ದಾಳೆ. ಅವಳಿಗೆ ಗುಣವಾಗಬೇಕು. ಇದನ್ನೇ ಕೇಳುತ್ತಿದ್ದೇನೆ, ಬೇರೆ ಏನೂ ಅಲ್ಲ. ನನಗೆ ಸಿಟ್ಟು ಇದೆ, ನಿನಗೆ ಗೊತ್ತು. ನಂಬುತ್ತೇನೆ, ನಂಬಲು ಆಗದ ಕಡೆ ನೀನೇ ನೋಡಿಕೋ. ಇವತ್ತಿನ ಸೂಜಿ ತಡೆದುಕೊಳ್ಳುವ ಶಕ್ತಿ ಅವಳಿಗೆ ಕೊಡು. ಅವಳ ಅಮ್ಮನಿಗೆ ಒಂದು ಗಂಟೆ ನಿದ್ದೆ ಕೊಡು. ಮನೆಯಲ್ಲಿರುವ ಹುಡುಗನನ್ನು ಮರೆಯದ ಹಾಗೆ ಮಾಡು. ಡಾಕ್ಟರ ಕೈ, ನರ್ಸುಗಳ ಕಣ್ಣು ನಿನ್ನ ಹತೋಟಿಯಲ್ಲಿರಲಿ. ಪಕ್ಕದ ಬೆಡ್ಡಿನ ಮಗುವಿಗೂ ಇದನ್ನೇ ಮಾಡು. ನಾಳೆಯ ಮಾತು ನಾಳೆ ಕೇಳುತ್ತೇನೆ. ಆಮೆನ್.’

ಕೆಜಿಎಫ್ ಅಕ್ಕ:

ಮೇಷ್ಟ್ರೇ, ಚೆನ್ನಾಗಿದೆ, ಆದರೆ ಉದ್ದ ಆಯಿತು. ವಾರ್ಡಿನಲ್ಲಿ ಇಷ್ಟು ಹೇಳುವುದರೊಳಗೆ ಡ್ರಿಪ್ ಮಷೀನ್ ಎರಡು ಸಲ ಕೂಗುತ್ತದೆ. ತಾಯಿಗೆ ಇಷ್ಟು ಸಾಕು: ‘ಯೇಸುವೇ, ಇವತ್ತಿಗೆ ಸಾಕಾಗುವಷ್ಟು ಕೊಡು.’

ಪಕ್ಕದ ಬೀದಿಯವಳು:

ನಮಸ್ಕಾರ. ನಾವು ಕ್ರೈಸ್ತರಲ್ಲ. ನಮ್ಮ ಬೀದಿಯಲ್ಲೂ ಇಂಥದೇ ಒಂದು ಕುಟುಂಬ ಇದೆ, ಅದಕ್ಕೇ ಓದುತ್ತಿದ್ದೇನೆ. ನಮ್ಮತ್ತೆ ಆ ಮಗುವಿನ ಹೆಸರಲ್ಲಿ ಕೋಲಾರಮ್ಮನಿಗೆ ಹರಕೆ ಹೊತ್ತಿದ್ದಾರೆ. ಅವರಿಗೆ ಹೇಳಿದರೆ ಬೇಜಾರಾಗುತ್ತದಾ? ಮನೆಗೆ ಹೋದರೆ ಏನು ಮಾತಾಡುವುದು ಅಂತಲೂ ಗೊತ್ತಿಲ್ಲ.

ಟಮಕದ ಅಪ್ಪ:

ಅಮ್ಮಾ, ಎಲ್ಲರ ಪರವಾಗಿ ಹೇಳಲು ಆಗುವುದಿಲ್ಲ. ಹರಕೆ ನಮ್ಮ ಪದ್ಧತಿ ಅಲ್ಲ, ಪ್ರಸಾದ ತಂದರೆ ಕೆಲವರು ತೆಗೆದುಕೊಳ್ಳದೆ ಇರಬಹುದು, ತಪ್ಪು ತಿಳಿಯಬೇಡಿ. ಆದರೆ ನನ್ನ ಮಗಳ ಹೆಸರು ಹಿಡಿದು ಒಬ್ಬ ಅಜ್ಜಿ ಬೇಡಿಕೊಂಡರು ಅಂತ ಗೊತ್ತಾದರೆ ನನಗೆ ಸಂತೋಷವೇ.

ಮಾತು ಬೇಡ. ಇನ್ನೊಂದು ಮಗು ಇದೆಯಾ ಕೇಳಿ. ನನ್ನ ದೊಡ್ಡವನಿಗೆ ಹತ್ತು ವರ್ಷ. ಅವನ ಹೋಮ್‌ವರ್ಕ್ ನೋಡಿದವರಿಲ್ಲ, ಕೂದಲು ಕಟಿಂಗ್ ಮಾಡಿಸಿದವರಿಲ್ಲ. ಮೊನ್ನೆ ಯಾರೋ ಅವನನ್ನು ಅಂತರಗಂಗೆಗೆ ಕರೆದುಕೊಂಡು ಹೋಗಿ ಬೆಟ್ಟ ಹತ್ತಿಸಿ ಬಂದರು. ಆ ದಿನ ಅವನು ನಗುತ್ತಾ ಫೋನ್ ಮಾಡಿದ. ಅಂಥದ್ದು ಮಾಡಿ.

ಬಂಗಾರಪೇಟೆ ನರ್ಸಮ್ಮ:

ನಾಲ್ಕು ಜನ ಸೇರಿ ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಬಿಚ್ಚಿ ಇಳಿಸಿದ ಕಥೆ ನೆನಪಿಸಿಕೊಳ್ಳಿ. ಯೇಸು ನೋಡಿದ್ದು ‘ಅವರ’ ನಂಬಿಕೆ ಅಂತ ಮಾರ್ಕ ಬರೆಯುತ್ತಾನೆ. ಅಪ್ಪನಿಗೆ ಪ್ರಾರ್ಥನೆ ಬರದಿದ್ದರೆ ಬೇಡ, ಉಳಿದವರು ಹೊರೋಣ.

ಶ್ರೀನಿವಾಸಪುರದ ಅಕ್ಕ ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಯಾವ ಹಂತದಲ್ಲೇ ಆಗಲಿ ಮಗುವಿಗೆ ನೋವು ಇದ್ದರೆ ನೋವು ಕಡಿಮೆ ಮಾಡುವ ಚಿಕಿತ್ಸೆ ಕೇಳಿ. ಅದನ್ನು ಕೇಳಿದರೆ ದೇವರ ಮೇಲೆ ಆಸೆ ಬಿಟ್ಟ ಹಾಗಲ್ಲ. ಗುಣವಾಗದು ಅಂತ ಗೊತ್ತಾದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯದಲ್ಲಿ ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಇದು ನಿಮಗಲ್ಲ ಅಣ್ಣಾ, ಈ ಚರ್ಚೆ ಓದುವ ಬೇರೆಯವರಿಗೆ.

ಟಮಕದ ಅಪ್ಪ:

ಯೋಹಾನ 9 ಇಬ್ಬರೂ ಓದಿದೆವು. ಅವಳು ಎರಡು ಸಲ ಓದಿಸಿದಳು. ಆಮೇಲೆ ಆ ಪ್ರಾರ್ಥನೆಯವರ ನಂಬರ್ ಫೋನಿನಿಂದ ತೆಗೆದಳು. ಎರಡು ಇಡ್ಲಿ ತಿಂದಳು. ಸದ್ಯಕ್ಕೆ ಅಷ್ಟೇ.

ನನಗೆ ಇನ್ನೂ ಪ್ರಾರ್ಥನೆ ಪೂರ್ತಿ ಬರುವುದಿಲ್ಲ. ಮೇಷ್ಟ್ರದ್ದರಲ್ಲಿ ಪಕ್ಕದ ಬೆಡ್ಡಿನ ಮಗುವಿನ ಸಾಲು ಮಾತ್ರ ಬಾಯಿಗೆ ಬಂತು, ಅದನ್ನೇ ಹೇಳುತ್ತಿದ್ದೇನೆ.

ಇವತ್ತು ಪ್ಲೇಟ್ಲೆಟ್ ಬಹಳ ಇಳಿದಿದೆ ಅಂದರು. ದಾನಿಗಳನ್ನು ಕರೆತರಲು ಹೇಳಿದ್ದಾರೆ. ಮಗಳದ್ದು ಬಿ ಪಾಸಿಟಿವ್. ಬೆಂಗಳೂರಿಗೆ ಬರಲು ಆಗುವವರು ಯಾರಾದರೂ ಇದ್ದೀರಾ?

ಬಂಗಾರಪೇಟೆ ನರ್ಸಮ್ಮ:

18 ವರ್ಷ ದಾಟಿರಬೇಕು, ತೂಕ 50 ಕೆಜಿಗಿಂತ ಜಾಸ್ತಿ ಇರಬೇಕು. ಮೂರು ದಿನದಿಂದ ಆಸ್ಪಿರಿನ್ ಮಾತ್ರೆ ನುಂಗಿರಬಾರದು. ಮಷೀನಿನಲ್ಲಿ ಒಂದು, ಒಂದೂವರೆ ಗಂಟೆ ಹಿಡಿಯುತ್ತದೆ. ಪ್ಲೇಟ್ಲೆಟ್ ಐದು ದಿನಕ್ಕಿಂತ ಜಾಸ್ತಿ ಇಡಲು ಆಗುವುದಿಲ್ಲ, ಅದಕ್ಕೇ ಎಲ್ಲರೂ ಒಂದೇ ದಿನ ಬರಬೇಡಿ. ಸರದಿ ಮಾಡಿಕೊಳ್ಳಿ.

ಮಾಲೂರು ತಮ್ಮ:

ಅಣ್ಣಾ, ನಾನು ಬಿ ಪಾಸಿಟಿವ್. ನಮ್ಮ ಕೂಟದಲ್ಲಿ ಇನ್ನೂ ಇಬ್ಬರು ಇದ್ದಾರೆ. ನಾಳೆ ಮೊದಲ ರೈಲಿಗೆ ನಾನು ಬರುತ್ತೇನೆ, ಅವರು ಆಮೇಲೆ. ವಾರ್ಡಿನೊಳಗೆ ಬರಲ್ಲ, ಬ್ಲಡ್ ಬ್ಯಾಂಕಿಗೆ ನೇರ ಹೋಗುತ್ತೇನೆ. ಇವತ್ತಿಂದ ನಿಮ್ಮ ಮಗಳಿಗಾಗಿ ಉಪವಾಸ ಹಿಡಿದಿದ್ದೇನೆ.

ಬಂಗಾರಪೇಟೆ ನರ್ಸಮ್ಮ:

ತಮ್ಮಾ, ಉಪವಾಸ ಇವತ್ತು ರಾತ್ರಿಯೇ ಬಿಡಿ. ಹೊಟ್ಟೆ ತುಂಬ ತಿಂಡಿ ತಿಂದು, ನೀರು ಕುಡಿದು ಬನ್ನಿ. ಖಾಲಿ ಹೊಟ್ಟೆಯಲ್ಲಿ ಬಂದವರಿಂದ ತೆಗೆದುಕೊಳ್ಳುವುದಿಲ್ಲ, ವಾಪಸ್ ಕಳಿಸುತ್ತಾರೆ.

ಮಾಲೂರು ತಮ್ಮ:

ಆಯ್ತಕ್ಕಾ. ಬರುವವರು ಇನ್ಯಾರು, ಯಾವ ದಿನ ಅಂತ ಕೆಳಗೆ ಬರೆಯಿರಿ. ನಾಳೆ ನಾನು, ಶನಿವಾರಕ್ಕೆ ಯಾರು?